ಚಿಗವ್ವನ ತೊಟ್ಟಿಲು, ನನ್ನ ಡಬ್ಬಿಗಳು

ನಮ್ಮ ಬಳಗದಲ್ಲಿ ನನಗೆ ಎರಡು ಕಾರಣಕ್ಕೆ ಹೆಸರಿದೆ. ಒಂದು, ಯಾರ ದನಿಯನ್ನಾದರೂ ಅಣಕಿಸಿ ತೋರಿಸುತ್ತೇನೆ. ಇನ್ನೊಂದು, ಕಟ್ಟಿಗೆಯ ಸಣ್ಣ ಚಂದದ ಡಬ್ಬಿಗಳನ್ನು ಮಾಡುತ್ತೇನೆ. ಮೊದಲನೆಯದರ ಆಸೆಗೆ ಜನ ನನ್ನನ್ನು ಮದುವೆಗೆ ಕರೆಯುತ್ತಾರೆ. ಎರಡನೆಯದರಿಂದಾಗಿ, ಉಡುಗೊರೆ ಏನು ಬರಲಿದೆ ಎಂದು ಮೊದಲೇ ತಿಳಿದು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಹೊಟ್ಟೆಪಾಡಿಗೆ ಸಪ್ತಾಪುರದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಹೇಳುತ್ತೇನೆ. ಬಾಡಿಗೆ ಕೋಣೆಗಳಲ್ಲಿ ಅವಲಕ್ಕಿ ತಿಂದುಕೊಂಡು ಸರ್ಕಾರಿ ನೌಕರಿಗೆ ಓದುವ ಹುಡುಗರಿಗೆ, ಸರ್ಕಾರಿ ನೌಕರಿ ಸಿಗದ ನಾನು, ಅದು ಹೇಗೆ ಸಿಗುತ್ತದೆ ಎಂದು ಕಲಿಸುತ್ತೇನೆ. ಇಲ್ಲಿ ನಗಬಹುದು. ಹುಡುಗರು ದಿನಾ ನಗುತ್ತಾರೆ.

ಕ್ಲಾಸು ಮುಗಿಸಿ ಬಂದರೆ ಮಾಳಿಗೆಯ ಮೇಲೆ ನೀರಿನ ಟಾಕಿಯ ಪಕ್ಕದ ತಗಡಿನ ಖೋಲಿ ನನ್ನದು. ನನ್ನ ಮೊದಲ ಡಬ್ಬಿಯ ನಾಲ್ಕು ಮೂಲೆಗಳು ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ಒಬ್ಬರಿಗೊಬ್ಬರು ಮುಖ ಕೊಡುತ್ತಿರಲಿಲ್ಲ. ಅವ್ವ ಮರ್ಯಾದೆಗೆ ಅದರಲ್ಲಿ ಪಿನ್ನು ಹಾಕಿಟ್ಟಳು. ಪಿನ್ನುಗಳು ಸಂದಿಯಿಂದ ಇಳಿದು ಹೋದವು. ಅಪ್ಪ ಅದನ್ನು ಗಾಳಿಗೆ ಕದ ಬಡಿಯದಂತೆ ಒತ್ತು ಕೊಡಲು ಇಟ್ಟುಕೊಂಡ, ಬಹಳ ಉಪಯೋಗದ ವಸ್ತು ಎಂದು ಹೊಗಳಿದ. ಟಿಂಬರ್ ಅಡ್ಡೆಯ ಸಾವುಕಾರರಂತೂ ನಾನು ಅಂಗೈ ಅಗಲದ ಸಾಗವಾನಿ ತುಂಡು ಕೇಳಿದಾಗ, ಸೂಜಿ ಬೇಕಾದವರು ಕಬ್ಬಿಣದ ಗಣಿಗೆ ಬರಬಾರದು ಎಂದು ಮೂಗಿನಲ್ಲೇ ಹೇಳಿದರು. ಆ ಮೂಗಿನ ದನಿ ನನಗೆ ಡಬ್ಬಿಗಿಂತ ಬೇಗ ಕೂಡಿಬಂತು.

ನಿಧಾನಕ್ಕೆ ಕೈ ಕುದುರಿತು. ಈಗ ನನ್ನ ಡಬ್ಬಿಯ ಮೂಲೆಗೆ ಉಗುರು ಹಾಕಿದರೂ ಸಂದಿ ಸಿಗುವುದಿಲ್ಲ. ಆದರೆ ನಾನು ಮಾಡಿದವುಗಳಲ್ಲೆಲ್ಲ ಚಂದದವು ಯಾವುವೋ, ಅವನ್ನು ಯಾರದಾದರೂ ಮನೆಯ ಶೋಕೇಸಿನಲ್ಲಿ ಕಂಡಾಗ ನಾನು ಬೇರೆ ಕಡೆ ನೋಡುತ್ತೇನೆ. ಅವು ಚಿಗವ್ವನ ತೊಟ್ಟಿಲಿನಿಂದ ಬಂದವು.

ಚಿಗವ್ವ ಅಂದರೆ ನಮ್ಮ ಕಾಕಾನ ಹೆಂಡತಿ. ಅವರ ಮನೆ ಅಮರಗೋಳದಲ್ಲಿ. ಕಾಕಾನದು ಅಲ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿಯ ವ್ಯಾಪಾರ. ಹೀಗಾಗಿ ಅವರ ಮನೆಗೆ ಬಂದವರೆಲ್ಲ ಶರಣು ಹೇಳುವ ಮೊದಲು ಸೀನುತ್ತಾರೆ. ಕಾಕಾ ಫೋನಿನಲ್ಲಿ ಮಾತಾಡುವುದು, ಫೋನಿಲ್ಲದೆಯೇ ಬ್ಯಾಡಗಿಗೆ ಕೇಳಿಸಲಿ ಎನ್ನುವ ಹಾಗೆ. ಚಿಗವ್ವನದು ಅದಕ್ಕೆ ತದ್ವಿರುದ್ಧ, ಮಾತಿಗೆ ಮೊದಲು ನಗು. ನನ್ನ ಅಣಕಿಗೆ ಮೊದಲು ನಗುವವಳು, ಕಾಕಾನ ದನಿ ಮಾಡೆಂದು ಕಾಕಾನ ಎದುರೇ ಕೇಳುವವಳು ಆಕೆ.

ಅವರಿಗೆ ಮಕ್ಕಳಾಗಲಿಲ್ಲ. ದವಾಖಾನೆಗಳೂ ಮುಗಿದವು, ಹರಕೆಗಳೂ ಮುಗಿದವು. ಆದರೆ ಅದಕ್ಕೆ ಮೊದಲೇ, ಮದುವೆಯಾದ ಹೊಸದರಲ್ಲೇ, ಆಕೆಯ ತವರಿನವರು ಉಪ್ಪಿನಬೆಟಗೇರಿಯಿಂದ ತೊಟ್ಟಿಲು ಕಳಿಸಿಬಿಟ್ಟಿದ್ದರು. ಕಲಘಟಗಿಯ ಹಳೆಯ ಬಣ್ಣದ ತೊಟ್ಟಿಲು. ಸಾಗವಾನಿ ಕಟ್ಟಿಗೆ, ಅರಗಿನ ಕೆಂಪು ಹಳದಿ ಬಣ್ಣ, ನಾಲ್ಕೂ ಬದಿಗೆ ಗಿಳಿ, ಆನೆ, ಕಮಲ, ನಂದಿ. ಆಕೆಯ ಅವ್ವ, ಅವ್ವನ ಅವ್ವ ಎಲ್ಲ ಮಲಗೆದ್ದದ್ದು.

ಖಾಲಿ ಇಡಬಾರದೆಂದು ಯಾರೋ ಬಾಣಂತಿ ಒಮ್ಮೆ ಕೇಳಿ ಒಯ್ದಳು. ಆ ಕೂಸು ಅಳದೆ ಮಲಗಿತಂತೆ. ಅಷ್ಟೇ ಸಾಕಾಯಿತು. ಬಳಗದಲ್ಲಿ ಯಾರು ಬಸುರಾದರೂ ಡಾಕ್ಟರರಿಗೆ ಹೇಳುವುದಕ್ಕಿಂತ ಮೊದಲು ಚಿಗವ್ವನಿಗೆ ಹೇಳಿ ತೊಟ್ಟಿಲು ತಮಗೆಂದು ಕಾಯ್ದಿರಿಸುವುದು ರೂಢಿಯಾಯಿತು. ಒಂದು ಮನೆಯಿಂದ ಬಂದು ಅಟ್ಟ ಹತ್ತುವಷ್ಟರಲ್ಲಿ ಇನ್ನೊಂದು ಮನೆಯ ಟೆಂಪೊ ಬಾಗಿಲಿಗೆ ನಿಂತಿರುತ್ತಿತ್ತು. ಒಯ್ಯಲು ಬಂದವರ ಎದುರು ಚಿಗವ್ವ ಅದನ್ನು ಕೊಬ್ಬರಿ ಎಣ್ಣೆ ಹಚ್ಚಿದ ಅರಿವೆಯಿಂದ ಒರೆಸಿ, ಗೆಜ್ಜೆ ಕಟ್ಟಿ ಕೊಡುತ್ತಿದ್ದಳು. ತಿರುಗಿ ತರುವವರು ಅದರೊಳಗೆ ಅಕ್ಕಿ, ಕೊಬ್ಬರಿಬಟ್ಟಲು, ಒಂದು ಕುಪ್ಪಸದ ಖಣ ಇಟ್ಟು ತರಬೇಕು. ಆಕೆಯ ಕಪಾಟಿನಲ್ಲಿ ಹೊಲಿಸದ ಖಣಗಳು ಅಂಗಡಿ ತೆಗೆಯುವಷ್ಟು ಇದ್ದವು.

ಹೆಸರಿಡುವ ದಿನದ್ದೂ ಒಂದು ಪದ್ಧತಿ. ಕೂಸಿಗಿಂತ ಮೊದಲು ತೊಟ್ಟಿಲಿಗೆ ಅರೆಯುವ ಗುಂಡಕಲ್ಲು ಹಾಕುತ್ತಾರಲ್ಲ, ವಿಭೂತಿ ಹಚ್ಚಿ, ಕೂಸಿನ ಕುಲಾಯಿ ಟೊಪ್ಪಿಗೆ ತೊಡಿಸಿ, ಆ ಕಲ್ಲನ್ನು ನಮ್ಮಲ್ಲಿ ತೊಟ್ಟಿಲಿನ ಒಡತಿಯೇ ಹಾಕಬೇಕು. ಆಕೆ ಕಲ್ಲು ಹಾಕಿ ಒಮ್ಮೆ ತೂಗಿದ ಮೇಲೆ ಉಳಿದದ್ದು. ಯಾವ ಮನೆಯಲ್ಲಿ ಹೆಸರಿಟ್ಟರೂ, ತೊಟ್ಟಿಲದಾಕಿ ಬಂದಳೇನು ಎಂದು ಮುದುಕಿಯರು ಕೇಳುತ್ತಿದ್ದುದು ನನ್ನ ಕಿವಿಯಲ್ಲಿದೆ. ಆ ಮುದುಕಿಯರ ದನಿಗಳೂ ನನ್ನ ಸಂಗ್ರಹದಲ್ಲಿವೆ. ಚಿಗವ್ವ ಬಂದು ಕೂತರೆ ಕಾರ್ಯ ಶುರು. ನಾನು ಇದನ್ನು ಬರೀ ನೋಡುತ್ತ ಬಂದವನು. ಒಂದು ಬಿಗಿ ಸಂದಿಯ ಹಿಂದೆ ಏನು ಹಿಡಿದುಕೊಂಡಿದೆ ಎಂದು ಬಿಚ್ಚಿ ನೋಡುವ ಚಟದವನಿಗೆ ಇಲ್ಲಿ ಯಾವುದು ಹಿಡಿದುಕೊಂಡಿದೆ ಎನ್ನುವುದು ಮಾತ್ರ ಹೊಳೆಯಲಿಲ್ಲ.

ಹೋದ ಸಲದ ಮಳೆಗಾಲದಲ್ಲಿ ತೊಟ್ಟಿಲು ಒಂದು ಮನೆಯಿಂದ ಗೂಡ್ಸ್ ಆಟೊದಲ್ಲಿ ತಿರುಗಿ ಬಂತು. ಒಂದು ಬದಿಯ ಹಲಗೆ ಸೀಳಿತ್ತು, ಒಂದು ಕಾಲು ಬಾಣಂತಿಯ ಹಾಗೆ ನಡುಗುತ್ತಿತ್ತು. ಚಿಗವ್ವ ನನಗೆ ಫೋನು ಮಾಡಿದಳು. ನಾನು ಹೋಗಿ, ಎಲುಬಿನ ಡಾಕ್ಟರರ ದನಿಯಲ್ಲಿ ತೊಟ್ಟಿಲಿನ ಕಾಲು ಹಿಡಿದು, ಹೆದರುವಂಥಾದ್ದು ಏನಿಲ್ಲ, ಎರಡು ಗೂಟ, ಸ್ವಲ್ಪ ಅಂಟು, ಒಂದಿಷ್ಟು ದಿನ ಕಟ್ಟು ಎಂದೆ. ಆಕೆ ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ನನ್ನ ಹತ್ತಿರ ಕೂತಳು.

"ರಿಪೇರಿ ಮಾಡಬ್ಯಾಡ ತಮ್ಮಾ. ಇದರಾಗ ಎಷ್ಟ ಡಬ್ಬಿ ಆಗ್ತಾವ ನೋಡು."

ನನ್ನನ್ನೇ ಆಕೆ ಅಣಕಿಸುತ್ತಿದ್ದಾಳೆ ಅಂದುಕೊಂಡು ನಾನು ಸಾವುಕಾರರ ಮೂಗಿನಲ್ಲಿ ಏನೋ ಉತ್ತರ ಕೊಟ್ಟೆ. ಆಕೆ ನಿಧಾನಕ್ಕೆ ಬಿಡಿಸಿ ಹೇಳಿದಳು. ಪ್ರತಿ ಸಲ ಒರೆಸುವವಳು ಆಕೆ. ಪ್ರತಿ ಸಲ ಒಯ್ಯುವವರು ಹೊಸಿಲು ದಾಟುವಾಗ ಒಮ್ಮೆ ತಿರುಗಿ ಆಕೆಯನ್ನು ನೋಡುತ್ತಾರೆ, ಪಾಪ ಅನ್ನುವ ಹಾಗೆ. ಅವರು ಹೋದ ಮೇಲೆ ಆ ನೋಟ ಮನೆಯಲ್ಲೇ ಉಳಿಯುತ್ತದೆ. ಕೊಡುವುದಿಲ್ಲ ಎಂದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಮಾರಿದರೆ ತವರಿನವರು ಮಾತು ಬಿಡುತ್ತಾರೆ.

"ಮುರದೈತಿ ಅಂತ ಹೇಳ್ತೇನಿ. ಜೋಡಸಾಕ ಬರೂದಿಲ್ಲ ಅಂತ ನೀ ಹೇಳಿದಿ ಅಂತೇನಿ. ಅದಕ್ಕ ಡಬ್ಬಿ ಮಾಡಿಸಿ ಎಲ್ಲಾರಿಗೂ ಒಂದೊಂದು ಕೊಟ್ಟೆ ಅಂತೇನಿ. ಅಲ್ಲಿಗೆ ಮುಗೀತು."

"ಜೋಡಸಾಕ ಬರ್ತೈತಿ ಚಿಗವ್ವಾ."

"ನನಗೂ ಗೊತ್ತೈತಿ."

ಆಗ ನಮ್ಮ ಅಕ್ಕನಿಗೆ ದಿನ ತುಂಬುತ್ತ ಬಂದಿತ್ತು. ತೊಟ್ಟಿಲು ಮುಂದಿನ ಸಲ ನಮ್ಮ ಮನೆಗೇ ಬರುವುದಿತ್ತು. ಅವ್ವ ಆಗಲೇ ನಡುಮನೆಯ ತೊಲೆಯ ಕೊಂಡಿಗೆ ಎಣ್ಣೆ ಬಿಟ್ಟಾಗಿತ್ತು. ಅದನ್ನು ಹೇಳಿದೆ. ಚಿಗವ್ವ, ನಿಮ್ಮ ಅಕ್ಕನಿಗೆ ಕೊಡಬಾರದೆಂದಲ್ಲ, ಆಕೆಗೆ ಕೊಟ್ಟರೆ ನಾಳೆ ನಿನ್ನ ಹೆಂಡತಿಗೂ ಕೊಡಬೇಕಲ್ಲ ಎಂದಳು. ನನಗೆ ಹೆಣ್ಣು ಸಿಗುವ ಗತಿ ನೋಡಿದರೆ ಅಷ್ಟರಲ್ಲಿ ಗೆದ್ದಲೇ ತೊಟ್ಟಿಲು ಮುಗಿಸಿರುತ್ತದೆ ಎಂದೆ. ಆಗ ನಕ್ಕಳು. ಆ ನಗು ಕಂಡ ಮೇಲೆ ನಾನು ಇಲ್ಲ ಅನ್ನಲಿಲ್ಲ. ಕಾಕಾ ಎಲ್ಲ ಕೇಳಿಸಿಕೊಂಡಿದ್ದರು. ಗೇಟಿನ ತನಕ ಬಂದು ಒಂದೇ ಮಾತು ಹೇಳಿದರು, ಅದೂ ಫೋನಿನ ದನಿಯಲ್ಲಲ್ಲ: ಕೊಯ್ಯುವುದಿದ್ದರೆ ಧಾರವಾಡಕ್ಕೆ ಒಯ್ದು ಕೊಯ್ಯಿ, ಇಲ್ಲಿ ಬೇಡ.

ತೊಟ್ಟಿಲು ಬಿಚ್ಚಿಸಿಕೊಂಡು, ಗೋಣಿಚೀಲದಲ್ಲಿ ಸುತ್ತಿಸಿಕೊಂಡು ನಮ್ಮ ಮಾಳಿಗೆ ಹತ್ತಿತು. ಚಿಗವ್ವ ಹೇಳಿಕೊಟ್ಟ ಸುಳ್ಳನ್ನು ಒಪ್ಪಿಸಲು ನಾನು ಬಹಳ ತಯಾರಿ ಮಾಡಿಕೊಂಡಿದ್ದೆ, ಬೇಕಾಗಲಿಲ್ಲ. ಜೋಡಿಸಲು ಬರುವುದಿಲ್ಲ ಎನ್ನುವುದನ್ನು ಯಾರೂ ನಂಬಲಿಲ್ಲ, ಆದರೆ ಚಿಗವ್ವನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಹಳೆಯ ಸಾಗವಾನಿಯ ಆಸೆಗೆ ನಾನೇ ಆಕೆಯ ತಲೆ ಕೆಡಿಸಿದೆ ಎಂದು ಬಳಗವೆಲ್ಲ ತೀರ್ಮಾನಿಸಿತು. ಅವ್ವ ಎರಡು ಹೊತ್ತು ನನಗೆ ಬಡಿಸುವಾಗ ಪಾತ್ರೆ ಕುಕ್ಕಿದಳು. ನಮ್ಮ ಸೋದರತ್ತೆ ಹುಬ್ಬಳ್ಳಿಯಿಂದ ಫೋನು ಮಾಡಿ, ಅಣಕಿಸುವ ಬಾಯಿ ಸಾಲದೆಂದು ಈಗ ಕೈಗೂ ಕಲಿಸಿದೆಯಾ ಎಂದು ಬೈದಳು. ಆಕೆಯ ದನಿಯಲ್ಲೇ ಆಕೆಗೆ ಹೌದೆಂದೆ. ಊರ ತಂಟೆಕೋರನಾಗಿ ಗಳಿಸಿಕೊಂಡ ಹೆಸರು ಒಬ್ಬರಿಗಾದರೂ ನೆರಳಾಯಿತು ಎಂದು ಒಳಗೊಳಗೆ ಹೆಮ್ಮೆಯೂ ಆಯಿತು.

ಕೆಲಸ ಶುರು ಮಾಡಿದ ಮೇಲೆ ಇದಾವುದೂ ನೆನಪಿಗೆ ಬರಲಿಲ್ಲ. ಹಳೆಯ ಕಟ್ಟಿಗೆ ಕೊಯ್ಯುವಾಗ ಬರುವ ವಾಸನೆಗೆ ಹೆಸರಿಲ್ಲ. ಎಣ್ಣೆ, ಹೊಗೆ, ಕೂಸಿನ ನೆತ್ತಿ, ಎಲ್ಲ ಕೂಡಿದ್ದು. ಮೇಲಿನ ಪಟ್ಟಿಯಲ್ಲಿ ಹಲ್ಲು ಮೂಡುವ ಕೂಸುಗಳು ಕಚ್ಚಿದ ಗುರುತುಗಳಿದ್ದವು. ಒಂದು ಕಂಬದ ಒಳಬದಿಗೆ ಯಾರೋ ತಾಯಿ ಕಾಡಿಗೆಯ ಬೆರಳು ಒರೆಸಿದ ಕಪ್ಪು. ಅದನ್ನು ಪಾಲಿಶ್ ಪೇಪರಿನಿಂದ ಉಜ್ಜಲು ಮನಸ್ಸು ಬರದೆ ಹಾಗೇ ಡಬ್ಬಿಯ ಒಳಬದಿಗೆ ಬರುವಂತೆ ತೆಗೆದುಕೊಂಡೆ.

ನಾನು ಡಬ್ಬಿ ಮಾಡುವ ಕ್ರಮ ನೋಡಿದವರಿಗೆ ಹುಚ್ಚು ಅನಿಸುತ್ತದೆ. ಆರೂ ಬದಿ ಅಂಟಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, ಮೊದಲು ಪೂರ್ತಿ ಮುಚ್ಚಿದ ಡಬ್ಬಿ ಮಾಡುತ್ತೇನೆ. ಒಳಗೆ ಇರುವೆ ಹೋಗಲೂ ದಾರಿ ಇರುವುದಿಲ್ಲ. ಅಂಟು ಒಣಗಿದ ಮೇಲೆ ಸುತ್ತಲೂ ಗೆರೆ ಹಾಕಿ ಗರಗಸದಿಂದ ಕೊಯ್ದು ಮುಚ್ಚಳ ಬೇರೆ ಮಾಡುತ್ತೇನೆ. ಹೀಗೆ ಮಾಡಿದರೆ ಮುಚ್ಚಳಕ್ಕೂ ಡಬ್ಬಿಗೂ ಕಟ್ಟಿಗೆಯ ಗೆರೆ ಒಂದೇ ಸಮ ಕೂಡುತ್ತದೆ. ಸಾದಾ ಕಟ್ಟಿಗೆಗೆ ಇದು ಸುಲಭ. ಇಲ್ಲಿ ಗೆರೆ ಎಲ್ಲಿ ಹಾಕಿದರೂ ಯಾರದೋ ಮೇಲೆ ಹಾಯುತ್ತಿತ್ತು: ಆನೆಯ ಸೊಂಡಿಲು, ನಂದಿಯ ಬೆನ್ನು. ಗಿಳಿಯ ಕುತ್ತಿಗೆಯ ಮೇಲೆ ಗರಗಸ ಇಟ್ಟಾಗ ಉಸಿರು ಹಿಡಿದದ್ದು ನೆನಪಿದೆ. ಅರಗಿನ ಬಣ್ಣ ಒಂದು ಚೂರೂ ಹಾರಲಿಲ್ಲ. ಖುಷಿಗೆ ಆ ಗಿಳಿಯ ದನಿಯಲ್ಲೇ ನನಗೆ ನಾನೇ ಶಾಬಾಸ್ ಹೇಳಿಕೊಂಡೆ. ಅಷ್ಟು ಒಳ್ಳೆಯ ಕೆಲಸ ಅದಕ್ಕೆ ಮೊದಲು ನನ್ನ ಕೈಯಿಂದ ಆಗಿರಲಿಲ್ಲ, ಈ ತನಕ ಮತ್ತೆ ಆಗಿಲ್ಲ. ಈಗ ನೋಯಿಸುವುದು ಮುಖ್ಯವಾಗಿ ಇದೇ. ಕೈ ಸ್ವಲ್ಪ ಅಳುಕಿ ನಾಲ್ಕು ಡಬ್ಬಿ ಕೆಟ್ಟಿದ್ದರೆ, ಸಾಕು ಬಿಡು ಚಿಗವ್ವಾ ಎಂದು ಉಳಿದದ್ದನ್ನು ತಿರುಗಿ ಒಯ್ದು ಕೊಡುತ್ತಿದ್ದೆನೋ ಏನೋ.

ಚಿಗವ್ವ ಬಂದು ಡಬ್ಬಿಗಳನ್ನು ಸಾಲಾಗಿ ನೋಡಿದಳು. ಒಂದೊಂದನ್ನೂ ತೆರೆದು ಮುಚ್ಚಿದಳು, ಹಿತ್ತಾಳೆಯ ಸಣ್ಣ ಬಿಜಾಗರಿಯನ್ನು ಉಗುರಿನಿಂದ ಮುಟ್ಟಿದಳು. ಮನೆ ಮನೆಗೆ ತಾನೇ ಒಯ್ದು ಕೊಟ್ಟಳು, ಯಾವ ಮನೆಯ ಕೂಸು ತೊಟ್ಟಿಲಿನಲ್ಲಿ ಮಲಗಿತ್ತೋ ಆ ಮನೆಗೆ. ತನಗೊಂದು ಇಟ್ಟುಕೊಳ್ಳಲಿಲ್ಲ. ಬೈದವರೆಲ್ಲ ಸುಮ್ಮನಾದರು. ಡಬ್ಬಿಯಲ್ಲಿ ಒಬ್ಬರು ಕುಂಕುಮ ಇಟ್ಟರು, ಒಬ್ಬರು ಬೆಂಡೋಲೆ, ಒಬ್ಬರು ಹಳೆಯ ಸಿಮ್ ಕಾರ್ಡು. ಸೋದರತ್ತೆ ಫೋನು ಮಾಡಿ, ಆನೆಯದು ಇನ್ನೊಂದು ಉಳಿದಿದೆಯೇ ಎಂದು ಕೇಳಿದಳು. ಚಿಗವ್ವ ಹಗುರಾಗಿದ್ದಳು. ಅಟ್ಟದ ಮೇಲೆ ಈಗ ಮೆಣಸಿನಕಾಯಿ ಚೀಲ ಇಡಲು ಜಾಗವಾಯಿತು ಎಂದು ಕಾಕಾನನ್ನು ಕಾಡಿಸುತ್ತಿದ್ದಳು.

ಆಮೇಲೆ ಒಂದು ಮನೆಯಲ್ಲಿ ಹೆಸರಿಟ್ಟರು. ಚಿಗವ್ವನನ್ನು ಕರೆಯಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಮನೆಮಟ್ಟಿಗೆ ಮಾಡಿದೆವು, ನೆನಪಾಗಲಿಲ್ಲ ಎಂದು ಆಮೇಲೆ ಸಿಕ್ಕಾಗ ಹೇಳಿದರು, ನಿಜವೇ ಹೇಳಿದರು. ಮೊದಲಾದರೆ ತೊಟ್ಟಿಲಿನ ನೆಪಕ್ಕೆ ಆಕೆಯ ಅನುಕೂಲ ಕೇಳಿಯೇ ದಿನ ಗೊತ್ತು ಮಾಡುತ್ತಿದ್ದರು. ಈಗ ಅಂಗಡಿಯಿಂದ ಸ್ಟೀಲಿನ ತೊಟ್ಟಿಲು ಬರುತ್ತಿತ್ತು. ಅಂಗಡಿಯವನನ್ನು ಹೆಸರಿಡಲು ಯಾರೂ ಕರೆಯುವುದಿಲ್ಲ. ಇನ್ನೊಂದು ಮನೆಯದೂ ಹೀಗೇ ಆಯಿತು. ನಮ್ಮ ಕಡೆ ಮಕ್ಕಳಿಲ್ಲದವರನ್ನು ಇಂಥ ಕಾರ್ಯದಿಂದ ಯಾರೂ ದೂರ ದೂಡುವುದಿಲ್ಲ, ಅಷ್ಟು ಕೆಟ್ಟವರಿಲ್ಲ ನಾವು. ನೆನಪಿಸಿಕೊಳ್ಳುವುದಿಲ್ಲ, ಅಷ್ಟೇ. ತೊಟ್ಟಿಲು ಆ ಮರೆವಿಗೆ ಅಡ್ಡ ನಿಂತಿತ್ತು. ಚಿಗವ್ವ ಅದನ್ನು ಒಯ್ಯುವವರ ನೋಟಗಳನ್ನು ಕಂಡಳೇ ಹೊರತು, ಅದೇ ತನ್ನನ್ನು ನಡುವೆ ಕೂರಿಸಿದ್ದು ಎಂದು ಕಾಣಲಿಲ್ಲ. ನಾನೂ ಕಾಣಲಿಲ್ಲ.

ಅಕ್ಕನ ಕೂಸಿಗೆ ಮೂರು ತಿಂಗಳಾದ ಮೇಲೆ ಹೆಸರಿಟ್ಟರು. ಆ ದಿನ ಚಿಗವ್ವ ಬೆಳಿಗ್ಗೆಯೇ ನಮ್ಮ ಮನೆಗೆ ಬಂದಳು. ಅಕ್ಕನ ಅತ್ತೆ ಒಂದು ಸ್ಟೀಲಿನ ತೊಟ್ಟಿಲು ತಂದಿದ್ದರು. ತೂಗಿದರೆ ನಮ್ಮ ಸಿಟಿ ಬಸ್ಸು ಬ್ರೇಕು ಹಾಕಿದ ಸದ್ದು. ಆ ಸದ್ದನ್ನು ನಾನು ಅಕ್ಕನಿಗೆ ಮಾಡಿ ತೋರಿಸಿ ನಗಿಸುತ್ತಿದ್ದೆ. ಚಿಗವ್ವ ಒಳಗಿನಿಂದ ಗುಂಡಕಲ್ಲು ತಂದಳು. ಯಾರೂ ಹೇಳಿರಲಿಲ್ಲ; ಪ್ರತಿ ಮನೆಯಲ್ಲೂ ಮಾಡಿದ ಹಾಗೆ ತಾನೇ ತೊಳೆದು, ಒರೆಸಿ, ವಿಭೂತಿ ಹಚ್ಚಿ, ಕೆಂಪು ಕುಲಾಯಿ ತೊಡಿಸಿದ್ದಳು. ಎತ್ತಿಕೊಂಡು ತೊಟ್ಟಿಲಿನ ತನಕ ಬಂದಳು. ಹೆಂಗಸರು ಜೋಗುಳಕ್ಕೆ ದನಿ ಸರಿಮಾಡಿಕೊಳ್ಳುತ್ತಿದ್ದರು. ಸೋದರತ್ತೆ ಕೈ ಚಾಚಿದಳು.

"ಇಲ್ಲೆ ಕೊಡವಾ. ತೊಟ್ಟಿಲ ತಂದಾಕಿನ ಹಾಕೂದಲ್ಲೇನು ನಮ್ಮಲ್ಲಿ? ಬೀಗರ ಹಾಕ್ತಾರ."

ಅದರಲ್ಲಿ ಕುಹಕವಿರಲಿಲ್ಲ. ಪದ್ಧತಿ ಇದ್ದದ್ದೇ ಹಾಗೆ. ಇಷ್ಟು ವರ್ಷ ಅದೇ ಪದ್ಧತಿ ಆ ಕಲ್ಲನ್ನು ಚಿಗವ್ವನ ಕೈಗೆ ಕೊಟ್ಟಿತ್ತು. ಚಿಗವ್ವ ಹೌದಲ್ಲ, ಮರೆತೇಬಿಟ್ಟೆ ಎಂದು ಕಲ್ಲನ್ನು ಬೀಗತಿಯ ಉಡಿಗೆ ಹಾಕಿದಳು, ಕುಲಾಯಿ ಸರಿಮಾಡಿದಳು. ಚಿಗವ್ವನೇ ಹಾಕಲಿ ಎಂದು ಅಕ್ಕ ಕೂತಲ್ಲಿಂದ ಅಂದದ್ದು ನನಗೆ ಕೇಳಿಸಿತು; ಅಷ್ಟರಲ್ಲಿ ಹಾಡು ಶುರುವಾಗಿತ್ತು. ಚಿಗವ್ವ ಗುಗ್ಗರಿ ಹಂಚಲು ಒಳಗೆ ಹೋದಳು.

ಊಟವಾದ ಮೇಲೆ ಆಕೆ ಮಾಳಿಗೆ ಹತ್ತಿ ನನ್ನ ಖೋಲಿಗೆ ಬಂದಳು. ನಾನು ಸ್ಟೂಲು ಒರೆಸಿ ಕೊಟ್ಟೆ. ಮೂಲೆಯಲ್ಲಿ ತೊಟ್ಟಿಲಿನದು ಇನ್ನು ಏನು ಉಳಿದಿದೆ ಎಂದು ಕೇಳಿದಳು. ಎರಡು ಕಂಬ, ಒಂದು ಪಟ್ಟಿ, ಕೊಂಡಿಗಳು. ತೋರಿಸಿದೆ. ಅವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

"ಡಬ್ಬಿ ಎಲ್ಲಾ ತಿರುಗಿ ಇಸ್ಕೊಂಡ ಬರ್ತೇನಿ. ಕೊಡೂದಿಲ್ಲ ಅನ್ನೂದಿಲ್ಲ ಯಾರೂ. ಜೋಡಸಾಕ ಬರ್ತೈತೇನು?"

ನಾನು ಆಗ ಏನಾದರೂ ಒಂದು ಮಂಗಾಟದ ಮಾತು ಹೇಳಬಹುದಿತ್ತು. ಬಾಯಿಗೆ ಬಂದದ್ದು ಕ್ಲಾಸಿನಲ್ಲಿ ಲೆಕ್ಕ ಬಿಡಿಸುವ ನನ್ನದೇ ದನಿ. ಗರಗಸ ಹಾಯ್ದಲ್ಲೆಲ್ಲ ತನ್ನ ದಪ್ಪದಷ್ಟು ಕಟ್ಟಿಗೆ ತಿಂದು ಪುಡಿ ಮಾಡಿರುತ್ತದೆ ಎಂದೆ. ಆ ಪುಡಿ ಗುಡಿಸಿ ಚೆಲ್ಲಿಯಾಗಿದೆ ಎಂದೆ. ಎಲ್ಲ ತುಂಡು ಕೂಡಿಸಿದರೂ ಮೊದಲಿನ ಅಳತೆ ಬರುವುದಿಲ್ಲ, ಚಿತ್ರ ಕೂಡುವುದಿಲ್ಲ, ಗಿಳಿಯ ಕುತ್ತಿಗೆ ಗಿಡ್ಡವಾಗುತ್ತದೆ.

"ಗಿಡ್ಡ ಆದ್ರ ಏನಾತು? ಗಿಳಿ ಗಿಳಿನ ಅಲ್ಲೇನು."

ಕೂಸಿನ ಭಾರ ತಡೆಯುವುದಿಲ್ಲ ಚಿಗವ್ವಾ ಎಂದೆ. ಹೊಸ ಸಾಗವಾನಿ ತಂದು ಬೇರೆಯದೇ ಮಾಡುತ್ತೇನೆ, ಡಬ್ಬಿ ಕಲಿತವನಿಗೆ ತೊಟ್ಟಿಲು ಬರುವುದಿಲ್ಲವೇ, ಕಲಘಟಗಿಗೆ ಹೋಗಿ ಬಣ್ಣ ಬರೆಸಿಕೊಂಡು ಬರುತ್ತೇನೆ ಎಂದೂ ಅಂದೆ. ಆಕೆ ಕಾಳಜಿಯಿಂದ ಕೇಳಿಸಿಕೊಂಡಳು. ಪಟ್ಟಿಯ ಮೇಲಿನ ಹಲ್ಲಿನ ಗುರುತುಗಳ ಮೇಲೆ ಆಕೆಯ ಬೆರಳು ಆಡುತ್ತಿತ್ತು.

"ಹೊಸಾ ತೊಟ್ಟಿಲ ಅಂಗಡ್ಯಾಗ ಸಿಗ್ತೈತಲ್ಲ ತಮ್ಮಾ. ಅದಕ್ಕ ನನ್ನ ಹಂತೇಕ ಯಾಕ ಬರ್ತಾರ?"

ಆಕೆ ಕಂಬಗಳನ್ನೂ ಪಟ್ಟಿಯನ್ನೂ ಇದ್ದಲ್ಲೇ ಗೋಡೆಗೆ ಆನಿಸಿದಳು. ತಾನೇ ಹೇಳಿ ಮಾಡಿಸಿದ್ದು, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಳು. ಸೀರೆಗೆ ಹತ್ತಿದ ಕಟ್ಟಿಗೆಯ ಪುಡಿಯನ್ನು ಕೊಡವಿಕೊಳ್ಳಲು ಹೋಗಿ, ಕೈ ತಡೆದು, ಹಾಗೇ ಬಿಟ್ಟಳು. ಕೆಳಗೆ ಬೀಗರಿಗೆ ಚಹಾ ಇಡಬೇಕು, ಯಾರಾದರೂ ಹಾಲು ಕಾಯಿಸಿರಿ ಎಂದು ಅವ್ವ ಕೂಗುತ್ತಿದ್ದಳು. ಚಿಗವ್ವ ಬಂದೆ ಎಂದು ಇಳಿದು ಹೋದಳು.